ಬೇನೆ ಬರುವ ಮುನ್ನ

(ದೇವರಾಯಸಮುದ್ರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ: ಈ ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಚೊಚ್ಚಲ ಬಸುರಿಯ ಸೀಮಂತ ಸಣ್ಣ ಮದುವೆಯಷ್ಟೇ ಸಡಗರದಿಂದ ನಡೆಯುತ್ತದೆ. ತಿಂಗಳು ನೋಡಿ, ದಿನ ನೋಡಿ, ಕೈತುಂಬ ಹಸಿರು ಗಾಜಿನ ಬಳೆ ತೊಡಿಸುತ್ತಾರೆ. ಮಡಿಲು ತುಂಬುತ್ತಾರೆ. ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ ಬಡಿಸಿ ಮುತ್ತೈದೆಯರು ಆರತಿ ಎತ್ತುತ್ತಾರೆ. ಆಮೇಲೆ ತವರಿನವರು ಬಂದು ಕರೆದುಕೊಂಡು ಹೋಗುತ್ತಾರೆ. ಅಷ್ಟು ಹೊತ್ತಿಗೆ ಅಲ್ಲಿ ತೊಟ್ಟಿಲು ಅಟ್ಟದಿಂದ ಇಳಿದಿರುತ್ತದೆ, ಹಳೆಯ ಹತ್ತಿ ಸೀರೆಗಳು ಒಗೆದು ಮಡಚಿಟ್ಟಿರುತ್ತವೆ, ಬಾಣಂತಿ ಖಾರಕ್ಕೆ ಮೆಣಸು, ಒಣಶುಂಠಿ, ಬೆಳ್ಳುಳ್ಳಿ ಬಂದಿರುತ್ತವೆ. ಮನೆಯೆಲ್ಲ ಸಿದ್ಧವಾಗಿರುತ್ತದೆ. ಹೆರಬೇಕಾದ ಹುಡುಗಿ ಸಿದ್ಧಳಾಗಿದ್ದಾಳೆಯೇ ಎಂದು ಕೇಳುವವರು ಅಪರೂಪ.

ಅವಳಿಗೆ ಸಿಗುವ ತಿಳಿವಳಿಕೆ ಎರಡೇ ಬಗೆಯದು. ಒಂದು, 'ದೇವರಿದ್ದಾನೆ ಬಿಡಮ್ಮ, ಎಲ್ಲ ಸುಸೂತ್ರವಾಗಿ ಆಗುತ್ತೆ' ಎಂಬ ಸಮಾಧಾನ. ಇನ್ನೊಂದು, ಪಕ್ಕದ ಬೀದಿಯಲ್ಲಿ ಯಾರಿಗೋ ಎರಡು ದಿನ ನೋವು ಬಂದು ಕೊನೆಗೆ ಹೊಟ್ಟೆ ಕೊಯ್ದರು ಎಂಬ ಕತೆ. ಇವೆರಡರ ನಡುವೆ ಇರಬೇಕಾದದ್ದು, ಅಂದರೆ ಬೇನೆ ಎಂದರೇನು, ಅದು ಹೇಗೆ ಶುರುವಾಗುತ್ತದೆ, ಎಷ್ಟು ಹೊತ್ತು ಇರುತ್ತದೆ, ಆಗ ಮೈಯನ್ನು ಹೇಗೆ ಇಟ್ಟುಕೊಳ್ಳಬೇಕು, ಉಸಿರನ್ನು ಏನು ಮಾಡಬೇಕು ಎಂಬುದು, ಅವಳ ಕಿವಿಗೆ ಬೀಳುವುದೇ ಇಲ್ಲ. ಹದಿನೈದು ಸಲ ಆಸ್ಪತ್ರೆಗೆ ಹೋಗಿಬಂದ ಬಸುರಿಗೂ ಇದನ್ನು ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ. ಹೆರಿಗೆ ಮೇಜಿನ ಮೇಲೆ ಮಲಗಿದಾಗಲೇ ಪಾಠ ಮೊದಲಾಗುತ್ತದೆ. ಆಗ ಕಲಿಯುವ ಸ್ಥಿತಿಯಲ್ಲಿ ಅವಳಿರುವುದಿಲ್ಲ.

ಇದು ಹೊಸ ಕಾಲದ ಕೊರತೆ. ಹಿಂದೆ ಸಾವು ಹತ್ತಿರವಿತ್ತು, ಆದರೆ ಹೆರುವವಳ ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿರುತ್ತಿದ್ದಳು. ಈಗ ಸಾವು ದೂರ ಹೋಗಿದೆ, ಆ ಹೆಂಗಸೂ ಹೋಗಿದ್ದಾಳೆ.

ಸಾವು ದೂರ ಹೋದದ್ದು ಸಣ್ಣ ಸಾಧನೆಯಲ್ಲ, ಅದನ್ನು ಮೊದಲು ನೆನೆಯಬೇಕು. 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ಹತ್ತು ಹೆರಿಗೆಗಳಲ್ಲಿ ಸುಮಾರು ನಾಲ್ಕು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019–20ರಲ್ಲಿ ನಡೆದ ಐದನೆಯ ಸಮೀಕ್ಷೆಯಲ್ಲಿ ಆ ಪ್ರಮಾಣ ಶೇ 97. ಒಂದು ಲಕ್ಷ ಜೀವಂತ ಜನನಗಳಿಗೆ 2004–06ರಲ್ಲಿ 213 ತಾಯಂದಿರು ಸಾಯುತ್ತಿದ್ದ ರಾಜ್ಯದಲ್ಲಿ 2018–20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿದಿತ್ತು. 2005ರ ಜನನಿ ಸುರಕ್ಷಾ ಯೋಜನೆ, ಊರೂರಿನ ಆಶಾ ಕಾರ್ಯಕರ್ತೆಯರು, 2008ರ ನವೆಂಬರ್‌ನಲ್ಲಿ ಓಡಲು ಶುರುಮಾಡಿದ 108 ಆಂಬುಲೆನ್ಸ್, 2011ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂಪೂರ್ಣ ಉಚಿತವಾದ ಹೆರಿಗೆ ಇವೆಲ್ಲ ಸೇರಿ ಮಾಡಿದ ಕೆಲಸ ಇದು. ಕೋಲಾರಕ್ಕಂತೂ ಆಸ್ಪತ್ರೆಯ ಹೆರಿಗೆ ತೀರಾ ಹೊಸದೂ ಅಲ್ಲ. ಮೆಥಡಿಸ್ಟ್ ಮಿಷನ್ನಿನವರು ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯನ್ನು ಕೋಲಾರದಲ್ಲಿ ತೆರೆದದ್ದು 1910ರಲ್ಲಿ. ಇಟಿಸಿಎಂ ಎಂದರೆ ಜಿಲ್ಲೆಯ ಹಿರಿಯರಿಗೆಲ್ಲ ಗೊತ್ತು.

ಹಾಗಾಗಿ ಮನೆಯ ಹೆರಿಗೆಗೆ ಮರಳೋಣ ಎಂಬ ವಾದಕ್ಕೆ ಇಲ್ಲಿ ಜಾಗವಿಲ್ಲ. ಹೆತ್ತ ಮೇಲೆ ರಕ್ತಸ್ರಾವ ಶುರುವಾದರೆ ಒಬ್ಬ ಗಟ್ಟಿ ಹೆಂಗಸನ್ನೂ ಅದು ಒಂದೆರಡು ಗಂಟೆಯೊಳಗೆ ಕೊಂಡೊಯ್ಯಬಲ್ಲದು. ಸೂಲಗಿತ್ತಿಯ ಕೈಯಲ್ಲಿ ಅದಕ್ಕೆ ಮದ್ದಿರಲಿಲ್ಲ. ಆಸ್ಪತ್ರೆ ಬೇಕೇ ಬೇಕು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಆ ಹೆಣ್ಣಿನ ಮೈಯಲ್ಲಿ ಏನಿರಬೇಕು, ಮನಸ್ಸಿನಲ್ಲಿ ಏನಿರಬೇಕು, ಪಕ್ಕದಲ್ಲಿ ಯಾರಿರಬೇಕು ಎಂಬುದಷ್ಟೇ ಇಲ್ಲಿನ ಮಾತು.

ಮೈಯಿಂದ ಆರಂಭಿಸಬೇಕು, ಅದರಲ್ಲೂ ರಕ್ತದಿಂದ.

ಹೆರಿಗೆಯಲ್ಲಿ ಒಂದಷ್ಟು ರಕ್ತ ಹೋಗುವುದು ಸಹಜ. ಅರ್ಧ ಲೀಟರ್ ದಾಟಿದರೆ ಅದನ್ನು ಅತಿಸ್ರಾವ ಎನ್ನುತ್ತಾರೆ. ಹಿಮೊಗ್ಲೋಬಿನ್ ಹನ್ನೆರಡು ಇರುವವಳು ಅಷ್ಟನ್ನು ತಡೆದುಕೊಂಡು ಮಾರನೆಯ ದಿನ ಮಗುವಿಗೆ ಹಾಲೂಡಿಸುತ್ತಾಳೆ. ಏಳು ಇರುವವಳಿಗೆ ಅದೇ ಅರ್ಧ ಲೀಟರ್ ಪ್ರಾಣಕ್ಕೆ ಬರುತ್ತದೆ. ಬಸುರಿಯ ರಕ್ತದಲ್ಲಿ ಹಿಮೊಗ್ಲೋಬಿನ್ ಹನ್ನೊಂದಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಐದನೆಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಈ ಗೆರೆಯ ಕೆಳಗಿದ್ದಾರೆ. ಹೆರಿಗೆಗೆ ಮೈ ಸಿದ್ಧಪಡಿಸುವ ಮಾತು ಯೋಗಾಸನಕ್ಕಿಂತ ಮೊದಲು ಇಲ್ಲಿಗೇ ಬರಬೇಕು.

ಮಾತ್ರೆ ಉಚಿತವಾಗಿ ಸಿಗುತ್ತದೆ. ಮೂರು ತಿಂಗಳು ಕಳೆದ ಮೇಲೆ ದಿನಕ್ಕೊಂದರಂತೆ ಕನಿಷ್ಠ 180 ದಿನ ಕೆಂಪು ಮಾತ್ರೆ. ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣಾಂಶ, ಜತೆಗೆ ಫೋಲಿಕ್ ಆಮ್ಲ. ಆದರೆ ಮನೆಮನೆಯ ಗೂಡಿನಲ್ಲಿ, ಕ್ಯಾಲೆಂಡರಿನ ಹಿಂದೆ, ಅಕ್ಕಿ ಡಬ್ಬಿಯ ಮೇಲೆ ಈ ಮಾತ್ರೆಗಳ ಪಟ್ಟಿಗಳು ಹಾಗೇ ಉಳಿದಿರುತ್ತವೆ. ಕಾರಣ ಸೋಮಾರಿತನವಲ್ಲ. ನುಂಗಿದರೆ ಹೊಟ್ಟೆ ತೊಳೆಸುತ್ತದೆ, ಮಲ ಕಪ್ಪಗಾಗುತ್ತದೆ, ಮಲಬದ್ಧತೆಯಾಗುತ್ತದೆ. ಮಲ ಕಪ್ಪಗಾಗುವುದು ಕಬ್ಬಿಣಾಂಶದ ಸಹಜ ಗುಣ, ಗಾಬರಿಪಡಬೇಡ ಎಂದು ಒಂದು ಮಾತು ಹೇಳಿದ್ದರೆ ಎಷ್ಟೋ ಜನ ಮಾತ್ರೆ ಬಿಡುತ್ತಿರಲಿಲ್ಲ. ರಾತ್ರಿ ಊಟವಾಗಿ ಸ್ವಲ್ಪ ಹೊತ್ತು ಬಿಟ್ಟು ನಿಂಬೆಹಣ್ಣಿನ ನೀರಿನ ಜತೆ ನುಂಗಿದರೆ ತೊಳಸುವುದು ಕಡಿಮೆ, ಮೈಗೆ ಹತ್ತುವುದು ಹೆಚ್ಚು. ಟೀ ಕಾಫಿ ಜತೆ ನುಂಗಿದರೆ ಮೈಗೆ ಹತ್ತುವುದು ಅಷ್ಟಕ್ಕಷ್ಟೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದೇ ಹೊತ್ತಿಗೆ ನುಂಗಬಾರದು, ಒಂದನ್ನೊಂದು ತಡೆಯುತ್ತವೆ. ಮಾತ್ರೆಯಿಂದ ಏರದಿದ್ದರೆ ಡ್ರಿಪ್ಪಿನ ಮೂಲಕ ಕಬ್ಬಿಣಾಂಶ ಕೊಡುವ ಚಿಕಿತ್ಸೆ ಇದೆ. ಒಂಬತ್ತನೆಯ ತಿಂಗಳಲ್ಲಿ 'ರಕ್ತ ಕಮ್ಮಿ ಇದೆ' ಎಂದು ಗೋಳಾಡುವುದಕ್ಕಿಂತ ಐದನೆಯ ತಿಂಗಳಲ್ಲೇ ಕೇಳಿ ಪಡೆಯುವುದು ಲೇಸು.

ಈ ಸೀಮೆಗೆ ಇನ್ನೊಂದು ತೊಡಕೂ ಇದೆ: ನೀರು. ಕೋಲಾರ ಜಿಲ್ಲೆಯ ಆಳದ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲಿನ ಮೇಲಿನ ಕಂದು ಕಲೆ, ನಲವತ್ತಕ್ಕೇ ಬಾಗುವ ಸೊಂಟ ಇಲ್ಲಿ ಎಲ್ಲರೂ ಕಂಡದ್ದೇ. ಅತಿಯಾದ ಫ್ಲೋರೈಡ್ ಕರುಳಿನ ಒಳಪದರವನ್ನು ಕೆಡಿಸಿ, ತಿಂದದ್ದರಲ್ಲಿನ ಸತ್ವ ಮೈಗೆ ಹತ್ತದಂತೆ ಮಾಡುತ್ತದೆ, ಬಸುರಿಯರ ರಕ್ತಹೀನತೆಗೆ ಅದೂ ಒಂದು ಕಾರಣ ಎಂದು ದೆಹಲಿಯ ವಿಜ್ಞಾನಿ ಎ.ಕೆ. ಸುಶೀಲಾ ಅವರ ತಂಡ 2010ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ತೋರಿಸಿತು. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ತಿಂಗಳುಗಟ್ಟಲೆ ಸುಮ್ಮನಿರುವ ಪಂಚಾಯಿತಿ ಸದಸ್ಯರು ಅದನ್ನು ಹೆರಿಗೆಯ ವಿಷಯವೆಂದೂ ನೋಡಬೇಕು. ಮನೆಯಲ್ಲಿ ಒಂದೇ ಕ್ಯಾನ್ ನೀರು ಇದ್ದರೆ ಅದು ಬಸುರಿಗೂ ಮಕ್ಕಳಿಗೂ ಮೊದಲು ಸಲ್ಲಬೇಕು.

ಊಟದ ಮಾತು ಬಂದಾಗ ಕೋಲಾರದ ಅಡುಗೆಮನೆ ಬಡವಲ್ಲ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅವರೆಕಾಳು, ಹುರುಳಿ, ನುಗ್ಗೆಸೊಪ್ಪು, ಬೆರಕೆಸೊಪ್ಪಿನ ಸಾರು, ಮನೆಯ ಹಸುವಿನ ಹಾಲು ಎಲ್ಲವೂ ಇವೆ. ಆದರೆ ಬಡಿಸುವ ಸರದಿಯಲ್ಲಿ ಸೊಸೆ ಕೊನೆಗೆ. ಹಾಲು ಡೇರಿಗೆ ಹೋಗುತ್ತದೆ, ಮೊಟ್ಟೆ ಗಂಡುಮಕ್ಕಳಿಗೆ. ಇದರ ಮೇಲೆ ಹಳೆಯ ಎಣಿಕೆಯೊಂದು ಬೇರೆ: ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ, ಅದಕ್ಕೆ ಕಡೆಯ ತಿಂಗಳುಗಳಲ್ಲಿ ಊಟ ಕಡಿಮೆ ಮಾಡು ಎಂಬುದು. ಆಸ್ಪತ್ರೆ ಇಲ್ಲದ ಕಾಲದಲ್ಲಿ, ಮಗು ಅಡ್ಡ ಸಿಕ್ಕಿ ತಾಯಿ ಸಾಯುವುದನ್ನು ಕಂಡ ಅಜ್ಜಿಯರ ಹೆದರಿಕೆಯಿಂದ ಅದು ಹುಟ್ಟಿರಬಹುದು. ಇವತ್ತು ಅದರಿಂದ ಆಗುವುದು ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಮಗು ಮತ್ತು ಮುಕ್ಕಲು ಶಕ್ತಿಯಿಲ್ಲದ ತಾಯಿ. 2017ರ ಅಕ್ಟೋಬರ್ 2ರಂದು ರಾಜ್ಯ ಸರ್ಕಾರ ಆರಂಭಿಸಿದ ಮಾತೃಪೂರ್ಣ ಯೋಜನೆ, ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ ಕೊಡುವುದು, ಈ ಸರದಿಯನ್ನು ಮುರಿಯಲೆಂದೇ. ಮನೆಗೆ ಕೊಟ್ಟರೆ ಹಂಚಿಹೋಗುತ್ತದೆ, ಅಲ್ಲೇ ಕೂತು ಉಂಡರೆ ಅವಳಿಗೇ ಸೇರುತ್ತದೆ. 'ಅಂಗನವಾಡಿಗೆ ಹೋಗಿ ಉಣ್ಣೋಕೆ ನಮ್ಮ ಮನೇಲಿ ಗತಿಯಿಲ್ವಾ' ಎನ್ನುವ ಅತ್ತೆಯಂದಿರು ಇದನ್ನು ದಯವಿಟ್ಟು ಮರಳಿ ಯೋಚಿಸಬೇಕು.

ಇನ್ನು ದುಡಿಮೆ. ಇಲ್ಲಿನ ಹೆಂಗಸರ ಬಗ್ಗೆ ಒಂದು ಹೊಗಳಿಕೆ ಆಗಾಗ ಕೇಳಿಸುತ್ತದೆ. ಹೊಲದಲ್ಲಿ ದುಡಿಯುವವರಿಗೆ ವ್ಯಾಯಾಮ ಯಾಕೆ, ಅವರ ಹೆರಿಗೆ ತಾನಾಗೇ ಸಲೀಸು ಎಂದು. ಇದು ಅರ್ಧ ಸತ್ಯ. ನಡೆದಾಡುವ ಮೈ, ಕುಕ್ಕರಗಾಲಲ್ಲಿ ಕೂತೇಳುವ ಮೈ ಹೆರಿಗೆಗೆ ಒದಗುತ್ತದೆ ಎಂಬುದು ನಿಜ. ಆದರೆ ವಡ್ಡಹಳ್ಳಿ ಮಾರುಕಟ್ಟೆಗೆ ಹೋಗಬೇಕಾದ ಟೊಮೆಟೊವನ್ನು ಬೆಳಗಿನಿಂದ ಬಗ್ಗಿ ಬಿಡಿಸಿ, ಹದಿನೈದು ಕೆಜಿ ಬಾಕ್ಸನ್ನು ಬದುವಿನವರೆಗೆ ಹೊತ್ತು, ಔಷಧಿ ಹೊಡೆದ ಗಿಡಗಳ ನಡುವೆ ಉಸಿರಾಡಿ, ಮನೆಗೆ ಬಂದು ಹಸು ಕರೆದು ಮುದ್ದೆ ತಿರುವುವ ಏಳು ತಿಂಗಳ ಬಸುರಿ ವ್ಯಾಯಾಮ ಮಾಡುತ್ತಿಲ್ಲ, ಸವೆಯುತ್ತಿದ್ದಾಳೆ. ವ್ಯಾಯಾಮಕ್ಕೆ ವಿಶ್ರಾಂತಿ ಉಂಟು, ಊಟ ಉಂಟು, ಸಾಕೆನಿಸಿದಾಗ ನಿಲ್ಲಿಸುವ ಹಕ್ಕು ಉಂಟು. ಕೂಲಿಗೆ ಅದಿಲ್ಲ. ಇನ್ನೊಂದು ತುದಿಯಲ್ಲಿ, ಬೆಂಗಳೂರಿಗೆ ಮದುವೆಯಾಗಿ ಹೋದ ಮಗಳು ತವರಿಗೆ ಬಂದರೆ ಅವಳು ಮಂಚ ಬಿಟ್ಟು ಇಳಿಯುವಂತಿಲ್ಲ. ಎರಡೂ ಸಿದ್ಧತೆಯಲ್ಲ. ತೊಂದರೆಯಿಲ್ಲದ ಬಸುರಿಗೆ ವಾರಕ್ಕೆ ಒಟ್ಟು 150 ನಿಮಿಷ ಮಿತವಾದ ಚಟುವಟಿಕೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಸಂಜೆ ಕೆರೆ ಏರಿಯ ಮೇಲೆ ಅರ್ಧ ಗಂಟೆ ನಡೆದರೆ ವಾರಕ್ಕೆ ಐದು ದಿನದಲ್ಲಿ ಅಷ್ಟಾಯಿತು.

ಯೋಗದ ಬಗ್ಗೆ ಬರೀ ನಂಬಿಕೆಯ ಮಾತೇ ಆಡಬೇಕಿಲ್ಲ, ಬೆಂಗಳೂರಿನಲ್ಲೇ ಅಳೆದು ನೋಡಿದ್ದಾರೆ. ಸ್ವಾಮಿ ವಿವೇಕಾನಂದ ಯೋಗ ಸಂಸ್ಥೆಯ ಆರ್. ನಾಗರತ್ನ, ಎಚ್.ಆರ್. ನಾಗೇಂದ್ರ ಮತ್ತು ಜತೆಯವರು ಗುಣಶೀಲ ಹೆರಿಗೆ ಆಸ್ಪತ್ರೆಗೆ ಬರುತ್ತಿದ್ದ 335 ಬಸುರಿಯರನ್ನು ನೋಡಿಕೊಂಡು 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪು ಹದಿನೆಂಟು–ಇಪ್ಪತ್ತನೆಯ ವಾರದಿಂದ ದಿನಕ್ಕೊಂದು ಗಂಟೆ ಸರಳ ಆಸನ, ಪ್ರಾಣಾಯಾಮ, ಧ್ಯಾನ ಮಾಡಿತು. ಇನ್ನೊಂದು ದಿನಕ್ಕೆರಡು ಸಲ ಅರ್ಧರ್ಧ ಗಂಟೆ ನಡೆಯಿತು. ಯೋಗದ ಗುಂಪಿನಲ್ಲಿ ಎರಡೂವರೆ ಕೆಜಿ ಮೀರಿದ ಮಕ್ಕಳು ಹೆಚ್ಚು ಹುಟ್ಟಿದವು, ಅವಧಿಗೆ ಮುನ್ನ ಬೇನೆ ಬಂದದ್ದು ಕಡಿಮೆ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದ ಅಧ್ಯಯನವಲ್ಲವಾದ್ದರಿಂದ ಇದೇ ಕೊನೆಯ ಮಾತಲ್ಲ. ಆದರೂ ವೈದ್ಯರನ್ನು ಕೇಳಿ, ತಿಳಿದವರ ಎದುರು ಮಾಡಿದರೆ ನಷ್ಟವಿಲ್ಲ, ಲಾಭವಿರಬಹುದು.

ಈಗ ಬೇನೆಯನ್ನೇ ಹತ್ತಿರದಿಂದ ನೋಡಬೇಕು. ಇಲ್ಲಿ ಕೂತ ಗಂಡಸರೂ ಕೇಳಬೇಕು.

ಗರ್ಭಕೋಶದ ಬಾಯಿ ಒಂಬತ್ತು ತಿಂಗಳೂ ಮುಚ್ಚಿ ಗಟ್ಟಿಯಾಗಿರುತ್ತದೆ. ದಿನ ತುಂಬಿದಾಗ ಅದು ಮೆತ್ತಗಾಗಿ, ತೆಳುವಾಗಿ, ಹತ್ತು ಸೆಂಟಿಮೀಟರಿನವರೆಗೆ ಅಗಲಬೇಕು. ಗರ್ಭಕೋಶ ಬಿಗಿದು ಸಡಿಲವಾಗುವ ಪ್ರತಿ ಸಲವೂ ಬಾಯಿ ಒಂದಿಷ್ಟು ತೆರೆಯುತ್ತದೆ. ಮೊದಲ ಹಂತ ನಿಧಾನ. ನೋವು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಬಂದು ಹೋಗುತ್ತಿರುತ್ತದೆ, ಚೊಚ್ಚಲಿಗೆ ಇದೇ ಒಂದು ದಿನ ಎಳೆದರೂ ಆಶ್ಚರ್ಯವಿಲ್ಲ. ಐದು ಸೆಂಟಿಮೀಟರ್ ಆದ ಮೇಲೆ ವೇಗ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಈ ವೇಗದ ಹಂತ ಚೊಚ್ಚಲಿಗೆ ಸಾಮಾನ್ಯವಾಗಿ ಹನ್ನೆರಡು ಗಂಟೆ ಮೀರುವುದಿಲ್ಲ, ಆನಂತರದ ಹೆರಿಗೆಗಳಿಗೆ ಹತ್ತು ಗಂಟೆ ಎನ್ನುತ್ತದೆ. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು ಎಂಬ ಹಳೆಯ ಅಳತೆಯನ್ನು ಅದು ಕೈಬಿಟ್ಟಿದೆ. ಮಗುವಿನ ಎದೆಬಡಿತ ಸರಿಯಿದ್ದು ತಾಯಿ ಚೆನ್ನಾಗಿದ್ದರೆ ಕಾಯುವುದೂ ಚಿಕಿತ್ಸೆಯೇ.

ಎಲ್ಲಕ್ಕಿಂತ ಮುಖ್ಯವಾದ ಒಂದು ಲೆಕ್ಕವನ್ನು ಬಸುರಿಗೆ ಮೊದಲೇ ಹೇಳಿಕೊಡಬೇಕು. ಬೇನೆ ಚೆನ್ನಾಗಿ ಹಿಡಿದಾಗಲೂ ಹತ್ತು ನಿಮಿಷದಲ್ಲಿ ಮೂರೋ ನಾಲ್ಕೋ ಸಲ ನೋವು ಬರುತ್ತದೆ. ಒಂದೊಂದೂ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ. ಉಳಿದ ಆರೇಳು ನಿಮಿಷ ಬಿಡುವು. ನೋವು ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಇದು ಗೊತ್ತಿದ್ದವಳು ಏರುವಾಗ ಬಾಯಿಂದ ನಿಧಾನವಾಗಿ ಉದ್ದಕ್ಕೆ ಉಸಿರು ಬಿಟ್ಟು, ಭುಜ ದವಡೆ ಸಡಿಲಿಸಿ, ಇಳಿದ ಮೇಲೆ ಒಂದು ಗುಟುಕು ನೀರು ಕುಡಿದು ಕಣ್ಣು ಮುಚ್ಚುತ್ತಾಳೆ. ಗೊತ್ತಿಲ್ಲದವಳು ಬಿಡುವಿನಲ್ಲೂ ಮುಂದಿನ ನೋವಿಗೆ ಹೆದರಿ ಮೈ ಬಿಗಿಹಿಡಿದೇ ಇರುತ್ತಾಳೆ. ಅವಳ ಪಾಲಿಗೆ ಹತ್ತಕ್ಕೆ ಹತ್ತು ನಿಮಿಷವೂ ನೋವೇ. ಹೆದರಿಕೆ ಮೈಯನ್ನು ಬಿಗಿಸುತ್ತದೆ, ಬಿಗಿದ ಮೈಗೆ ನೋವು ಹೆಚ್ಚು, ನೋವು ಮತ್ತೆ ಹೆದರಿಕೆಯನ್ನು ಹೆಚ್ಚಿಸುತ್ತದೆ ಎಂದು ಇಂಗ್ಲೆಂಡಿನ ವೈದ್ಯ ಗ್ರ್ಯಾಂಟ್ಲಿ ಡಿಕ್-ರೀಡ್ 1930ರ ದಶಕದಲ್ಲೇ ಬರೆದ. ಫ್ರಾನ್ಸಿನ ಫೆರ್ನಾಂದ್ ಲಮಾಝ್ 1950ರ ದಶಕದ ಮೊದಲಲ್ಲಿ ಸೋವಿಯತ್ ಒಕ್ಕೂಟದಲ್ಲಿ ಕಂಡದ್ದನ್ನು ಪ್ಯಾರಿಸ್ಸಿಗೆ ತಂದು ಉಸಿರಿನ ಅಭ್ಯಾಸವನ್ನು ಬಸುರಿಯರಿಗೆ ಕಲಿಸತೊಡಗಿದ. ಬೆಂಗಳೂರಿನಲ್ಲಿ ಇವತ್ತು ಆತನ ಹೆಸರಿನ ತರಗತಿಗಳಿಗೆ ಸಾವಿರಾರು ರೂಪಾಯಿ ಶುಲ್ಕವಿದೆ. ಅದರ ತಿರುಳು ಮಾತ್ರ ಅಂಗನವಾಡಿಯ ಚಾಪೆಯ ಮೇಲೆ ಒಂದು ಮಧ್ಯಾಹ್ನದಲ್ಲಿ ಕಲಿಸುವಂಥದ್ದು. ಎಂಟನೆಯ ತಿಂಗಳಿಂದ ದಿನಾ ಮಲಗುವ ಮುನ್ನ ಹತ್ತು ನಿಮಿಷ ಅಭ್ಯಾಸ ಮಾಡಿದರೆ ಸಾಕು.

ಮೈಯ ಭಂಗಿಯೂ ಅಷ್ಟೇ ಮುಖ್ಯ. ಬೇನೆ ಶುರುವಾದ ಕೂಡಲೇ ಅಂಗಾತ ಮಲಗಿಸುವುದು ಆಸ್ಪತ್ರೆಗಳ ಅಭ್ಯಾಸ, ಹೆರುವ ಮೈಗೆ ಅದು ಒಪ್ಪುವುದಿಲ್ಲ. ನಡೆದಾಡುತ್ತ, ಗೋಡೆಗೆ ಒರಗಿ ನಿಂತು, ಮೊಣಕಾಲೂರಿ, ಕೂತು ಬೇನೆ ಕಳೆದವರಿಗೆ ಗರ್ಭಕೋಶದ ಬಾಯಿ ಪೂರ್ತಿ ತೆರೆಯುವವರೆಗಿನ ಹೊತ್ತು ಸರಾಸರಿ ಒಂದು ಗಂಟೆ ಇಪ್ಪತ್ತು ನಿಮಿಷದಷ್ಟು ಕಡಿಮೆಯಾದದ್ದನ್ನು 2013ರ ಕಾಕ್ರೇನ್ ಪರಿಶೀಲನೆ ದಾಖಲಿಸಿದೆ. ಹಳ್ಳಿಯ ಹಳೆಯ ಹೆರಿಗೆಗಳಲ್ಲಿ ತೊಲೆಗೆ ಹಗ್ಗ ಕಟ್ಟಿ ಅದನ್ನು ಹಿಡಿದು ಕುಕ್ಕರಗಾಲಲ್ಲಿ ಕೂತು ಹೆರುತ್ತಿದ್ದರೆಂದು ಹಿರಿಯರು ಹೇಳುವುದುಂಟು. ಆ ಹಗ್ಗ ಮತ್ತೆ ಬೇಕಿಲ್ಲ. ವಾರ್ಡಿನ ಓಣಿಯಲ್ಲಿ ಹತ್ತು ಹೆಜ್ಜೆ ನಡೆಯಲು ಬಿಟ್ಟರೆ ಆಯಿತು.

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಇದು ಯಾರೂ ಹೇಳದೆಯೇ ತಿಳಿದಿತ್ತು. ಮುಳಬಾಗಿಲಿನಂತೆಯೇ ಆಂಧ್ರದ ಅಂಚಿನ, ತೆಲುಗು–ಕನ್ನಡ ಬೆರೆತ, ಮಳೆ ಕಡಿಮೆಯ ಸೀಮೆ ಅದು. ಕೃಷ್ಣಾಪುರದ ನರಸಮ್ಮ ಅಜ್ಜಿಯಿಂದ ಸೂಲಗಿತ್ತಿ ಕೆಲಸ ಕಲಿತು, ಇಪ್ಪತ್ತರ ವಯಸ್ಸಿನಲ್ಲಿ ಮೊದಲ ಹೆರಿಗೆ ಮಾಡಿಸಿ, ಆಮೇಲೆ ಏಳು ದಶಕಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಕೇಳದೆ ಮಾಡಿಸಿದರು. ಹೊಟ್ಟೆಯ ಮೇಲೆ ಅಂಗೈ ಇಟ್ಟು ಮಗುವಿನ ತಲೆ ಎತ್ತಲಿದೆ ಎಂದು ಹೇಳುತ್ತಿದ್ದರಂತೆ. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು 98ರ ವಯಸ್ಸಿನಲ್ಲಿ ತೀರಿಕೊಂಡರು. ಪ್ರಶಸ್ತಿ ಸಂದದ್ದು ಅವರ ಕೈಚಳಕಕ್ಕೆ. ಆದರೆ ಅವರ ಕೆಲಸದ ಇನ್ನರ್ಧ ಭಾಗ ಕೂತಿರುವುದು. ಬೇನೆ ಹಿಡಿದಾಗಿನಿಂದ ಮಾಸು ಬೀಳುವವರೆಗೆ ಎದ್ದುಹೋಗದೆ, ಸೊಂಟ ಒತ್ತುತ್ತ, ಮಾತಾಡಿಸುತ್ತ, ಬೆವರು ಒರೆಸುತ್ತ ಕೂತಿರುವುದು.

ಈ ಕೂತಿರುವಿಕೆಗೆ ಎಷ್ಟು ಬೆಲೆ ಎಂಬುದನ್ನು ಲೋಕದ ವೈದ್ಯಶಾಸ್ತ್ರ ಈಗ ಅಳೆದಿದೆ. 2017ರ ಕಾಕ್ರೇನ್ ಪರಿಶೀಲನೆ, ಹದಿನೇಳು ದೇಶಗಳ ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಬೇನೆಯುದ್ದಕ್ಕೂ ಒಬ್ಬರು ಜತೆಗಿದ್ದವರಿಗೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಬೇನೆಯ ಹೊತ್ತು ಕಡಿಮೆ, ಹೆರಿಗೆಯ ಬಗ್ಗೆ ಕಹಿ ನೆನಪು ಕಡಿಮೆ. ಇದಕ್ಕೆ ಯಂತ್ರ ಬೇಡ, ಔಷಧಿ ಬೇಡ. ಭಾರತ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಒಬ್ಬ ಹೆಣ್ಣು ಜತೆಗಾತಿಯನ್ನು ಬಿಡಬಹುದೆಂದು ಹೇಳಿತು. 2017ರ ಡಿಸೆಂಬರ್‌ನಲ್ಲಿ ಬಂದ 'ಲಕ್ಷ್ಯ' ಕಾರ್ಯಕ್ರಮ ಅದನ್ನು ಹೆರಿಗೆ ಕೋಣೆಯ ಗುಣಮಟ್ಟದ ಭಾಗವಾಗಿಸಿತು. ಅಪ್ಪಣೆ ಕಾಗದದ ಮೇಲಿದೆ. ಬಾಗಿಲಲ್ಲಿ ಇವತ್ತಿಗೂ ಎಷ್ಟೋ ಕಡೆ 'ಆಚೆ ನಿಂತ್ಕೊಳಿ' ಎಂಬ ಮಾತೇ. ಮೇಜು ಮೇಜಿನ ನಡುವೆ ಪರದೆ ಇಲ್ಲದ ಕಡೆ ಹೊರಗಿನವರನ್ನು ಬಿಡುವುದು ಕಷ್ಟ ಎಂಬ ಸಿಬ್ಬಂದಿಯ ಅಳಲಿನಲ್ಲೂ ಹುರುಳಿದೆ. ಒಂದು ಪರದೆಯ ಬೆಲೆ ಎಷ್ಟು? ಆಸ್ಪತ್ರೆಗೆ ದಾನ ಕೊಡುವವರು ಫಲಕ ಹಾಕಿಸುವ ಮೊದಲು ಪರದೆ ಹಾಕಿಸಬಾರದೇ?

ಇಬ್ಬರು ನರ್ಸ್‌ಗಳು ಐದಾರು ಬೇನೆಗಳನ್ನು ಒಟ್ಟಿಗೆ ನೋಡಬೇಕಾದ ರಾತ್ರಿ ಬೈಗುಳ ಬಾಯಿಗೆ ಬರುತ್ತದೆ. ಬೈಸಿಕೊಂಡವಳು ಮುದುಡುತ್ತಾಳೆ, ಮುಂದಿನ ಬಸುರಿಗೆ ಆ ಆಸ್ಪತ್ರೆಯ ಬಾಗಿಲು ತುಳಿಯಲು ಹಿಂಜರಿಯುತ್ತಾಳೆ. ಮನೆಯಲ್ಲಿ ತೆಲುಗೋ ಉರ್ದುವೋ ಆಡುವ ಹುಡುಗಿಗೆ, ಬೇರೆ ಜಿಲ್ಲೆಯಿಂದ ಬಂದ ನರ್ಸಿನ ಕನ್ನಡ ಆ ಹೊತ್ತಿನಲ್ಲಿ ತಲೆಗೆ ಹೋಗುವುದೂ ಇಲ್ಲ. ಜತೆಗಾತಿ ಇದ್ದರೆ ಅವಳೇ ದುಭಾಷಿ.

ಇದೇ ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟದಲ್ಲಿ ಸೀತೆ ಲವಕುಶರನ್ನು ಹೆತ್ತಳು ಎಂಬ ನಂಬಿಕೆ ಈ ಸಭೆಯಲ್ಲಿರುವ ಎಲ್ಲರಿಗೂ ಗೊತ್ತು. ಮಕ್ಕಳ ಭಾಗ್ಯ ಬೇಡಿ ಆ ಬೆಟ್ಟ ಹತ್ತುವವರು ಇವತ್ತಿಗೂ ಇದ್ದಾರೆ. ಆ ಕತೆಯಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿಯಿದೆ. ಉತ್ತರಕಾಂಡದಲ್ಲಿ ವಾಲ್ಮೀಕಿ, ತುಂಬಿದ ಬಸುರಿಯನ್ನು ಆಶ್ರಮಕ್ಕೆ ಕರೆತಂದು ಮೊದಲು ಮಾಡುವ ಕೆಲಸ, ಅವಳನ್ನು ಅಲ್ಲಿನ ತಾಪಸಿಯರ ಕೈಗೆ ಒಪ್ಪಿಸುವುದು. ಗಂಡನಿಂದ, ಅರಮನೆಯಿಂದ ದೂರವಾದವಳನ್ನೂ ಒಬ್ಬಂಟಿಯಾಗಿ ಹೆರಲು ಆ ಕವಿ ಬಿಡಲಿಲ್ಲ.

ಯಾರನ್ನು ಜತೆಗಾತಿಯಾಗಿ ಕರೆದೊಯ್ಯಬೇಕು ಎಂಬುದನ್ನು ಸೀಮಂತದ ಹೊತ್ತಿಗೇ ತೀರ್ಮಾನಿಸಬೇಕು, ಮತ್ತು ಬಸುರಿಯೇ ತೀರ್ಮಾನಿಸಬೇಕು. ತಾಯಿಯೇ ಆಗಬೇಕೆಂದಿಲ್ಲ. ಮಗಳ ನೋವು ನೋಡಲಾರದೆ ತಾನೇ ಅತ್ತುಬಿಡುವ ತಾಯಿಗಿಂತ ಗಟ್ಟಿ ಮನಸ್ಸಿನ ಅತ್ತಿಗೆಯೋ ಚಿಕ್ಕಮ್ಮನೋ ಮೇಲು. ಅವಳು ತಾನು ಹೆತ್ತವಳಾಗಿರಬೇಕು, ಯಾವ ಸೋಂಕಿನ ಕಾಯಿಲೆಯೂ ಇರಬಾರದು, ವೈದ್ಯರ ಕೆಲಸದ ನಡುವೆ ಬಾಯಿ ಹಾಕಬಾರದು. ಮಾಡಬೇಕಾದದ್ದು ಇಷ್ಟೆ: ನೋವು ಏರುವಾಗ ಅಂಗೈ ಬುಡದಿಂದ ಸೊಂಟದ ಕೆಳಭಾಗವನ್ನು ಒತ್ತಿ ಹಿಡಿಯುವುದು, ತಾನೂ ಉದ್ದಕ್ಕೆ ಉಸಿರು ಬಿಟ್ಟು ತೋರಿಸುವುದು, ನೋವು ಇಳಿದಾಗ ನೀರು ಕೊಡುವುದು, ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಕರೆದೊಯ್ಯುವುದು, 'ಇನ್ನೂ ಆಗಲಿಲ್ವಾ' ಎಂದು ಒಮ್ಮೆಯೂ ಕೇಳದಿರುವುದು.

'ಇನ್ನೂ ಆಗಲಿಲ್ವಾ' ಎಂಬ ಮಾತು ಆಸ್ಪತ್ರೆಯ ಹೊರಗೆ ನಿಂತ ಗಂಡಸರದ್ದೂ ಹೌದು. ಎರಡು ಸೆಂಟಿಮೀಟರಿಗೇ ಓಡಿಬಂದು, ಆರು ಗಂಟೆ ಕಾದು, 'ನೋಡೋಕಾಗಲ್ಲ ಡಾಕ್ಟ್ರೇ, ಸಿಸೇರಿಯನ್ ಮಾಡಿಬಿಡಿ' ಎಂದು ಕೈಮುಗಿಯುವ ಕುಟುಂಬಗಳು ಕಡಿಮೆಯಿಲ್ಲ. ಕರ್ನಾಟಕದಲ್ಲಿ ಸಿಸೇರಿಯನ್ ಪ್ರಮಾಣ ಐದನೆಯ ಸಮೀಕ್ಷೆಯಲ್ಲಿ ಶೇ 31.5, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಬೇಕಾದಾಗ ಸಿಸೇರಿಯನ್ ಎರಡು ಜೀವ ಉಳಿಸುವ ಶಸ್ತ್ರಚಿಕಿತ್ಸೆ, ಅದಕ್ಕೆ ನಾಚಬೇಕಾದ್ದಿಲ್ಲ, ಸೋತೆನೆಂದು ಕೊರಗಬೇಕಾದ್ದೂ ಇಲ್ಲ. ಬರೀ ಹೆದರಿಕೆಗೆ, ಬರೀ ಅವಸರಕ್ಕೆ, ಜ್ಯೋತಿಷಿ ಬರೆದುಕೊಟ್ಟ ಗಳಿಗೆಗೆ ಅದನ್ನು ಮಾಡಿಸಿದರೆ ಮುಂದಿನ ಬಸುರಿಗೂ ಅಪಾಯ ಕಟ್ಟಿಕೊಟ್ಟಂತೆ.

ತವರಿಗೆ ಹೋಗುವ ಪದ್ಧತಿ ಮನಸ್ಸಿಗೆ ಬಲು ಒಳ್ಳೆಯದು. ಅದರಿಂದ ಒಂದು ಸಂಕಟವೂ ಇದೆ. ಏಳು ತಿಂಗಳು ಅವಳನ್ನು ನೋಡಿದ ಆಶಾ, ನರ್ಸಮ್ಮ, ವೈದ್ಯರು ಎಲ್ಲ ಗಂಡನ ಊರಲ್ಲಿ ಉಳಿಯುತ್ತಾರೆ. ತವರು ಪುಂಗನೂರಿನಲ್ಲೋ ಪಲಮನೇರಿನಲ್ಲೋ ಇದ್ದರೆ ರಾಜ್ಯವೇ ಬೇರೆ. ತಪಾಸಣೆಯ ವಿವರವಿರುವ ತಾಯಿ ಕಾರ್ಡ್ ಸೀರೆಗಳ ಕೆಳಗೆ ಇಲ್ಲೇ ಉಳಿದರೆ ಅಲ್ಲಿಯವರಿಗೆ ಅವಳ ರಕ್ತದ ಗುಂಪು, ಬಿಪಿ, ಹಿಂದಿನ ಸಿಸೇರಿಯನ್ ಯಾವುದೂ ಗೊತ್ತಾಗುವುದಿಲ್ಲ. ಬಳೆಯ ಜತೆ ಕಾರ್ಡೂ ಹೋಗಲಿ. ತವರು ಸೇರಿದ ವಾರದೊಳಗೆ ಅಲ್ಲಿನ ಆಶಾಳಿಗೆ ತಿಳಿಸಲಿ. ಬಿಪಿ ಹೆಚ್ಚಿರುವವಳು, ಅವಳಿ ಹೊತ್ತವಳು, ಹಿಂದೆ ಹೊಟ್ಟೆ ಕೊಯ್ಸಿಕೊಂಡವಳು, ಹದಿನೆಂಟು ತುಂಬುವ ಮೊದಲೇ ಬಸುರಿಯಾದವಳು ಯಾವ ಆಸ್ಪತ್ರೆಗೆ ಹೋಗಬೇಕೆಂದು ಮೊದಲೇ ನಿಶ್ಚಯವಾಗಿರಬೇಕು. ತಾಲ್ಲೂಕು ಆಸ್ಪತ್ರೆ ಮುಟ್ಟಿ, ಅಲ್ಲಿಂದ ಕೋಲಾರದ ಎಸ್ಎನ್ಆರ್ ಆಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಗೋ ನಡುರಾತ್ರಿ ಹೆದ್ದಾರಿಯಲ್ಲಿ ಓಡುವ ಒಂದೊಂದು ನಿಮಿಷವೂ ರಕ್ತದ ಲೆಕ್ಕದಲ್ಲಿ ಬರುತ್ತದೆ. ತಲೆ ಸಿಡಿಯುವ ನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ರಕ್ತ ಕಾಣುವುದು, ನೋವಿಲ್ಲದೆ ನೀರು ಒಡೆಯುವುದು, ಮಗುವಿನ ಓಡಾಟ ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಆಂಧ್ರದಲ್ಲೂ ಸಂಖ್ಯೆ ಅದೇ.

ಹೆತ್ತ ಮೇಲಿನ ರಕ್ತಸ್ರಾವದ ಎದುರು ಸರಿಯಾದ ಮದ್ದು ಏನು ಮಾಡಬಲ್ಲದು ಎಂಬುದಕ್ಕೆ ಬೆಳಗಾವಿಯ ಒಂದು ಉದಾಹರಣೆ ಸಾಕು. ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಭಾಲಚಂದ್ರ ಕೊಡ್ಕಣಿ, ಶಿವಪ್ರಸಾದ ಗೌಡರ್ ಮತ್ತು ಅಮೆರಿಕದ ರಿಚರ್ಡ್ ಡರ್ಮನ್ ಅವರ ತಂಡ, ಆ ಜಿಲ್ಲೆಯ ಹ‍ಳ್ಳಿಗಳಲ್ಲಿ ಹೆತ್ತ 1,620 ಹೆಂಗಸರಲ್ಲಿ ಅರ್ಧ ಮಂದಿಗೆ ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟಿತು. ಕೊಟ್ಟವರು ಹಳ್ಳಿಯ ಎಎನ್ಎಂ ನರ್ಸಮ್ಮಂದಿರು. ಅತಿಸ್ರಾವ ಶೇ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಈ ಫಲಿತಾಂಶ ಹಲವು ದೇಶಗಳ ನೀತಿಯನ್ನು ಬದಲಿಸಲು ನೆರವಾಯಿತು. ಕನ್ನಡನಾಡಿನ ಹಳ್ಳಿಯ ತಾಯಂದಿರು ಲೋಕಕ್ಕೆ ಕೊಟ್ಟ ಜ್ಞಾನ ಇದು.

ಮನಸ್ಸಿನ ಸಿದ್ಧತೆ ಹೆರಿಗೆಗೇ ಮುಗಿಯುವುದಿಲ್ಲ. ಹೆತ್ತ ಮೂರನೆಯ ನಾಲ್ಕನೆಯ ದಿನ ಸುಮ್ಮಸುಮ್ಮನೆ ಅಳು ಬರುವುದು ತುಂಬ ಜನರಿಗೆ ಆಗುತ್ತದೆ, ಎರಡು ವಾರದೊಳಗೆ ಹೋಗುತ್ತದೆ. ಹೋಗದೆ ಉಳಿದರೆ, ಮಗುವಿನ ಮೇಲೆ ಮನಸ್ಸೇ ಇಲ್ಲದಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ ಅದು ಖಿನ್ನತೆ. ಇಲ್ಲದ್ದು ಕಾಣಿಸುವುದು, ಕೇಳಿಸುವುದು, ಬಾಣಂತಿ ಸನ್ನಿ ಎಂದು ಹಳ್ಳಿಗಳಲ್ಲಿ ಕರೆಯುವ ಸ್ಥಿತಿ, ಅಪರೂಪವಾದರೂ ತುರ್ತು ಕಾಯಿಲೆ. ಗಾಳಿ ಸೋಕಿತೆಂದು ಯಂತ್ರ ಕಟ್ಟಿಸುತ್ತ ಕಳೆದ ದಿನಗಳು ತಾಯಿಗೂ ಮಗುವಿಗೂ ಅಪಾಯದ ದಿನಗಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗುವನ್ನು ಬೇರ್ಪಡಿಸದೆ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ಪ್ರತ್ಯೇಕ ವಿಭಾಗವಿದೆ. ದೇಶದಲ್ಲಿ ಇಂಥದ್ದು ಅದೇ ಮೊದಲು. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ, ತೆಲುಗಿನಲ್ಲಿ ಮಾತಾಡುವವರು ಸಿಗುತ್ತಾರೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ. ಆ ದಿನ ಗಂಡನೋ ಅತ್ತೆಯೋ ಜತೆಗೆ ಹೋಗಿ, 14416 ಎಂಬ ಸಂಖ್ಯೆಯನ್ನು ತಾಯಿ ಕಾರ್ಡಿನ ಹಿಂಬದಿಗೆ ಬರೆಸಿಕೊಂಡು, ಹೆರಿಗೆ ಕೋಣೆಯನ್ನು ಒಮ್ಮೆ ತೋರಿಸಿ ಎಂದು ನರ್ಸಮ್ಮನನ್ನು ಕೇಳಬಹುದು. ಕೇಳಿದವರಿಗೆ ತೋರಿಸುತ್ತಾರೆ.